ಮೊದಲೇ ಬಂದ ನಗು

ಮದುವೆಯಾಗಿ ಕದ್ರಿಯ ಮನೆಗೆ ಬಂದ ಎರಡನೆಯ ವರ್ಷ ನಾನು ಮಹಿಳಾ ಸಮಾಜಕ್ಕೆ ಸೇರಿದೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಸಮಾಜವೆಂದರೆ ದೊಡ್ಡದೇನಲ್ಲ, ನಮ್ಮ ಮನೆಯಿಂದ ನಾಲ್ಕು ಹಿತ್ತಲು ಕೆಳಗೆ ಒಬ್ಬ ವಕೀಲರ ಮನೆಯ ಚಾವಡಿ. ಶನಿವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಇಪ್ಪತ್ತು ಮೂವತ್ತು ಹೆಂಗಸರು ಅಲ್ಲಿ ಸೇರುತ್ತಿದ್ದೆವು. ಹೊಲಿಗೆ, ಹಿಂದಿ ಪಾಠ, ಯಾರಾದರೊಬ್ಬರು ಪತ್ರಿಕೆ ಓದುವುದು. ವಕೀಲರ ಹೆಂಡತಿಯೇ ಅಧ್ಯಕ್ಷೆ.

ಒಮ್ಮೆ ಬೇರೆ ಊರಿನ ಒಬ್ಬಾಕೆ ಬಂದು ಶಿಶುಪಾಲನೆಯ ಬಗ್ಗೆ ಭಾಷಣ ಮಾಡಿದರು. ಮಾತಿಗೊಮ್ಮೆ ಕನ್ನಡಕ ಮೇಲೆ ತಳ್ಳಿ ‘ಅರ್ಥಾತ್’ ಎನ್ನುತ್ತಿದ್ದರು. ಅವರ ಗಾಡಿ ಗೇಟು ದಾಟಿತೋ ಇಲ್ಲವೋ, ನಾನು ಎದ್ದು ನಿಂತು ಇಲ್ಲದ ಕನ್ನಡಕವನ್ನು ಮೇಲೆ ತಳ್ಳಿದೆ. ‘ಅರ್ಥಾತ್’ ಎಂದೆ, ಅಷ್ಟೆ. ಚಾವಡಿ ಬಿದ್ದು ಬಿದ್ದು ನಕ್ಕಿತು. ನನ್ನ ಅತ್ತೆಯ ಮುಂದೆ ತಲೆ ಎತ್ತಿ ಮಾತಾಡದ ನನಗೆ ಅದು ಎಂಥ ಅಮಲು ಎಂದು ಹೇಳಲಾರೆ. ಅಂದಿನಿಂದ ತಿಂಗಳ ಕೊನೆಯ ಶನಿವಾರ ‘ನಿನ್ನದೊಂದು ಆಗಲಿ’ ಎಂದು ಅವರು ಕೇಳುವುದು, ಬೇಡ ಬೇಡ ಎನ್ನುತ್ತ ನಾನು ಎದ್ದು ನಿಲ್ಲುವುದು ರೂಢಿಯಾಯಿತು. ಪೋಸ್ಟಿನವನು, ಪುರೋಹಿತರು, ಬಳೆಗಾರ, ಮೂಗಿನಲ್ಲಿ ಹಾಡುವ ಸಂಗೀತದ ಮೇಷ್ಟ್ರು, ಯಾರನ್ನೂ ಬಿಡಲಿಲ್ಲ.

ಅಣಕ ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರುತ್ತದೆ. ಎದುರು ಕೂತವರನ್ನು ಓದುವುದು ಮಾತ್ರ ಬೇರೆ ವಿದ್ಯೆ, ಅದನ್ನು ನಾನು ಅಲ್ಲಿಯೇ ಕಲಿತೆ. ಹೆಂಗಸರು ನಗುವ ಮೊದಲು ಅಧ್ಯಕ್ಷೆಯ ಭುಜ ನೋಡುತ್ತಿದ್ದರು. ಅದು ಅಲುಗಿತೆಂದರೆ ಅಪ್ಪಣೆ ಸಿಕ್ಕಿದ ಹಾಗೆ. ಹೊಸ ಸೊಸೆಯಂದಿರು ಸೆರಗನ್ನು ಬಾಯಿಗೆ ಒತ್ತಿ ನಗುತ್ತಿದ್ದರು. ಅವರ ನಗು ಕೇಳಿಸದು, ಬಳೆ ಕೇಳಿಸುತ್ತದೆ. ಯಾರಾದರೂ ಗಂಟಲು ಸರಿಮಾಡಿಕೊಂಡರೆ ಅವರ ಮನೆಯ ವಿಷಯಕ್ಕೆ ಎಲ್ಲೋ ತಾಗಿತು ಎಂದು ತಿಳಿದು ನಾನು ಬೇರೆ ಕಡೆ ಹೊರಳುತ್ತಿದ್ದೆ. ಮಡಿಲ ಮಗುವಿನ ಅಂಗಿಯ ಗುಂಡಿ ತಿದ್ದಲು ತೊಡಗಿದರೆ ಇನ್ನು ಮುಗಿಸುವುದು ಒಳ್ಳೆಯದು. ನಗು ಬರುವ ಮೊದಲು ಎಲ್ಲರೂ ಒಂದು ಕ್ಷಣ ಉಸಿರು ಹಿಡಿಯುತ್ತಾರೆ. ಆ ಕ್ಷಣವನ್ನು ಇನ್ನೊಂದು ಚೂರು ಎಳೆದರೆ ನಗು ಎರಡರಷ್ಟಾಗುತ್ತದೆ. ನನಗೆ ಇದೆಲ್ಲ ತಿಳಿದಿತ್ತು ಎಂದು ಬರೆಯುತ್ತಿರುವುದು ಜಂಬಕ್ಕಲ್ಲ. ತಿಳಿದಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ, ಅದಕ್ಕೆ.

ನಮ್ಮ ಮನೆಗೆ ಮೀನು ತರುತ್ತಿದ್ದವಳು ಬಂದರಿನ ಕಡೆಯ ಹೆಂಗಸು. ನನಗಿಂತ ಹದಿನೈದು ಇಪ್ಪತ್ತು ವರ್ಷ ದೊಡ್ಡವಳು. ಗಂಡ, ಮೈದುನ ಎಲ್ಲ ಕಡಲಿಗೆ ಹೋಗುವವರು. ದೋಣಿ ಬಂದ ಕೂಡಲೇ ಬುಟ್ಟಿ ತುಂಬಿಸಿ, ತಲೆಯ ಮೇಲೆ ಸಿಂಬಿ ಇಟ್ಟು, ಅರ್ಧ ಓಡುತ್ತ ಅರ್ಧ ನಡೆಯುತ್ತ ಕದ್ರಿಯ ಗುಡ್ಡ ಏರಿ ಬರುತ್ತಿದ್ದಳು. ತಿರುವಿನಲ್ಲೇ ಅವಳ ಕೂಗು ಕೇಳುತ್ತಿತ್ತು: ‘ಮೀನ್ ಬೋಡಾ ಮೀನ್’. ಮೀನು ಬೇಕಾ ಎಂದು ಕೇಳುವ ಆ ಕೂಗು ನಡುವೆ ಒಡೆದು, ಒಂದು ಗಳಿಗೆ ನಿಂತು, ಆಮೇಲೆ ಕೀರಲಾಗಿ ಮೇಲೇರುತ್ತಿತ್ತು. ಬುಟ್ಟಿ ಇಳಿಸಿದ ಮೇಲೆ ಬಂಗುಡೆಯ ಕಿವಿರು ಎತ್ತಿ ಕೆಂಪು ತೋರಿಸುವಳು. ‘ನೋಡಿ ಅಕ್ಕೆರೇ, ನಿಮ್ಮ ಮನೆ ಎಲ್ಲಿ ಅಂತ ದಾರಿಯಲ್ಲಿ ಇದೇ ನನ್ನನ್ನು ಕೇಳಿತು’ ಎನ್ನುವಳು. ಅವಳ ಮಾತಿಗೆ ನನ್ನ ಅತ್ತೆ ಕೂಡ ನಗುತ್ತಿದ್ದರು. ನಗಿಸುವುದರಲ್ಲಿ ಅವಳು ನನಗಿಂತ ಮೇಲು.

ಸಮಾಜದ ವಾರ್ಷಿಕೋತ್ಸವಕ್ಕೆ ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ಅವಳೇ ಹೊಳೆದಳು. ಹದಿನೈದು ದಿನ ಹಿತ್ತಲ ಬಾಗಿಲಲ್ಲಿ ನಿಂತು ಅವಳನ್ನು ನೋಡಿ ನೋಡಿ ಕಲಿತೆ. ಮೀನು ಆರಿಸುವುದಕ್ಕೆ ಸೊಸೆ ತಾನೇ ಬರುತ್ತಾಳೆಂದು ಅವಳಿಗೆ ಸಂತೋಷ. ಅದು ಸಾಲದೆಂದು ಹಿಂದಿನ ದಿನ ನಾನೇ ಅವಳನ್ನು ಕರೆದೆ. ನಾಳೆ ವಕೀಲರ ಮನೆಗೆ ಬಾ, ಎಲ್ಲರಿಗೂ ಸಿಹಿ ಉಂಟು, ನನ್ನದೊಂದು ತಮಾಷೆ ಉಂಟು ಎಂದೆ. ಯಾರ ತಮಾಷೆ ಎಂದು ಹೇಳಲಿಲ್ಲ. ಅವಳ ಮುಖ ನೋಡಬೇಕು ಎಂಬ ಆಸೆ ನನಗೆ.

ಅವಳು ಬಂದಳು. ಬರಿ ಬುಟ್ಟಿಯನ್ನು ಮೆಟ್ಟಿಲ ಬಳಿ ಕವುಚಿ ಹಾಕಿ, ಎಲ್ಲರ ಹಿಂದೆ ಬಾಗಿಲಿಗೆ ಒರಗಿ ನಿಂತಳು. ಒಗೆದ ಸೀರೆ, ಮುಡಿಯಲ್ಲಿ ಹೂ. ಅಂದು ಮಕ್ಕಳೂ ಸೇರಿ ಚಾವಡಿ ಕಿಕ್ಕಿರಿದಿತ್ತು. ನಾನು ಬೆತ್ತದ ಬುಟ್ಟಿಯೊಂದನ್ನು ತಲೆಗೇರಿಸಿ ಸೊಂಟ ಬಳುಕಿಸುತ್ತ ಬಂದು ಕೂಗಿದೆ. ಕೂಗು ಒಡೆಯುವಲ್ಲಿ ಕಣ್ಣು ಮೇಲೆ ಮಾಡಿ ನಿಂತೆ. ಅಧ್ಯಕ್ಷೆಯ ಭುಜ ಅಲುಗಿತು. ನಗು ಹಬ್ಬಿತು. ಎರಡನೆಯ ಸಲ ಕೂಗಿದಾಗ ಯಾರೋ ಹಿಂದೆ ತಿರುಗಿ, ‘ಅಯ್ಯೋ ಮಾರಾಯ್ತಿ, ಅವಳು ಇಲ್ಲೇ ಇದ್ದಾಳಲ್ಲ’ ಎಂದರು. ಎಲ್ಲ ತಲೆಗಳೂ ಬಾಗಿಲ ಕಡೆ ತಿರುಗಿದವು. ಅವಳು ಜೋರಾಗಿ ನಕ್ಕಳು, ಎಲ್ಲರಿಗಿಂತ ಜೋರಾಗಿ. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು.

ನಾನು ಮುಂದುವರಿಸಿದೆ. ಮೂರನೆಯ ಕೂಗಿಗೆ ಬಾಯಿ ತೆರೆದೆ. ಕೂಗು ಇನ್ನೂ ಒಡೆದಿರಲಿಲ್ಲ, ಚಾವಡಿ ಉಸಿರು ಹಿಡಿದು ಕಾಯುತ್ತಿತ್ತು. ಅಷ್ಟರಲ್ಲಿ ಬಾಗಿಲಿನಿಂದ ಅವಳ ನಗು ಬಂತು. ನಗುವ ಜಾಗಕ್ಕಿಂತ ಮೊದಲೇ ಬಂತು. ಉಳಿದವರು ನಕ್ಕು ನಿಲ್ಲಿಸಿದ ಮೇಲೂ ಅದು ನಿಲ್ಲಲಿಲ್ಲ. ಅಂಥ ನಗು ತಮಾಷೆಗೆ ಬರುವುದಲ್ಲ. ಏಟು ಬೀಳುವ ಮೊದಲೇ ಕೈ ಅಡ್ಡ ಹಿಡಿಯುವವರ ಹಾಗೆ ಬರುವುದು. ನನಗೆ ಅದು ಅಲ್ಲೇ, ಆ ಕ್ಷಣದಲ್ಲೇ ತಿಳಿಯಿತು. ಬುಟ್ಟಿ ಇಳಿಸಿ ಕೈ ಮುಗಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ದೊಡ್ಡ ನಗು ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಎಂದರು. ಮತ್ತೆ ಎರಡು ಸಲ ಕೂಗಿದೆ. ಸಿಹಿ ಹಂಚುವಾಗ ಅವಳು ಇರಲಿಲ್ಲ.

ಎರಡು ದಿನ ಬಿಟ್ಟು ಬಂದಳು. ಕೂಗಲಿಲ್ಲ. ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ, ಬಾವಿಕಟ್ಟೆಗೆ ಹೋದ ಅತ್ತೆ ಕಂಡು ನನ್ನನ್ನು ಕರೆದರು. ‘ಎಂತ, ಇವತ್ತು ಬಾಯಿ ಇಲ್ವಾ?’ ಎಂದು ಅವಳನ್ನು ಕೇಳಿದರು. ಗಂಟಲು ಸರಿ ಇಲ್ಲ ಎಂದಳು. ನಾನು ಕೇಳಿದ ಮೀನು ಕೊಟ್ಟಳು. ಬಂಗುಡೆ ಅಂದು ಯಾರ ಮನೆಯನ್ನೂ ವಿಚಾರಿಸಿರಲಿಲ್ಲ.

ಅದೇ ವಾರ ಕಾರಣ ಗೊತ್ತಾಯಿತು. ಚಾವಡಿಯಲ್ಲಿ ನೋಡಿದ್ದ ಮಕ್ಕಳು ಅವಳು ತಿರುವಿಗೆ ಬಂದ ಕೂಡಲೇ ಗೋಡೆಯ ಹಿಂದಿನಿಂದ ಕೂಗುತ್ತಿದ್ದರು. ಅವಳ ಕೂಗಲ್ಲ, ನನ್ನದು. ಒಡೆಯುವಲ್ಲಿ ನಾನು ಹೆಚ್ಚು ಎಳೆದಿದ್ದೆನಲ್ಲ, ಅದೇ ಎಳೆತ. ಕೂಗದೆ ಹೋದರೆ ಅವಳು ಬಂದದ್ದು ಮನೆಗಳಿಗೆ ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಬುಟ್ಟಿ ಹಾಗೆಯೇ ಹೊತ್ತು ಇಳಿಯುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಮಕ್ಕಳನ್ನು ಒಂದು ದಿನ ಗದರಿಸಿದೆ. ‘ನೀವೇ ಮಾಡಿದ್ದಲ್ವಾ, ಚಿಕ್ಕಮ್ಮ?’ ಎಂದು ಅವರಲ್ಲೊಬ್ಬಳು ಮುಗ್ಧವಾಗಿ ಕೇಳಿದಳು. ತಿಂಗಳಾಗುವುದರೊಳಗೆ ಮೀನಿನವಳು ಬರುವುದು ನಿಂತಿತು. ದೇರೆಬೈಲಿನ ಕಡೆ ಹೋಗುತ್ತಾಳಂತೆ ಎಂದು ಬದಲಿಗೆ ಬಂದ ಹುಡುಗಿ ಹೇಳಿದಳು. ಬಂದರಿನಿಂದ ಅದು ಇನ್ನೂ ದೂರ.

ಮಳೆಗಾಲ ಕಳೆದು ದೋಣಿಗಳು ಮತ್ತೆ ಇಳಿದ ಮೇಲೆ, ಬಟ್ಟೆ ತರುವ ನೆಪ ಹೇಳಿ ಮನೆಗೆಲಸದವಳನ್ನು ಜೊತೆ ಮಾಡಿಕೊಂಡು ಬಂದರಿಗೆ ಹೋದೆ. ನಮ್ಮಂಥ ಮನೆಯ ಹೆಂಗಸರು ಮೀನಿನ ಮಾರ್ಕೆಟಿಗೆ ಕಾಲಿಡುವ ಕಾಲವಲ್ಲ ಅದು. ಅವಳು ದೋಣಿ ಕಟ್ಟುವ ದಕ್ಕೆಯ ಬಳಿ ಇತರ ಹೆಂಗಸರ ಜೊತೆ ಕೂತು ಬೂತಾಯಿ ಮೀನು ಬೇರೆ ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ಕೈ ಒರೆಸಿಕೊಂಡಳು. ಯಾರಿದು ಎಂದು ಪಕ್ಕದವಳು ಕೇಳಿದ್ದಕ್ಕೆ, ನಾನು ಮೀನು ಕೊಡುತ್ತಿದ್ದ ಮನೆಯವರು, ಒಳ್ಳೆಯ ಜನ ಎಂದಳು.

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ತಪ್ಪಾಯಿತು ಎಂದೆ. ನಾವು ಮಾತಾಡಿದ್ದು ತುಳುವಿನಲ್ಲಿ. ಅಷ್ಟು ದಿನ ಅವಳನ್ನು ಏಕವಚನದಲ್ಲಿ ಕರೆದಿದ್ದ ನನ್ನ ಬಾಯಿಗೆ ಅಂದು ‘ನೀವು’ ಬಂತು.

‘ಎಂತ ತಪ್ಪು ಅಕ್ಕೆರೇ? ಚೆಂದ ಮಾಡಿದ್ರಿ. ನಾನೇ ನಗಾಡಿದೆ ಅಲ್ವಾ?’ ಎಂದಳು.

‘ನೀವು ಮೊದಲೇ ನಗಾಡಿದ್ರಿ. ನನಗೆ ಕಂಡಿತು’ ಎಂದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವರ ಹಾಗೆ ಹುಬ್ಬು ಗಂಟಿಕ್ಕಿತ್ತು.

‘ನಿಮಗೆ ಗೊತ್ತಾಗಲಿಲ್ಲ ಅಂತ ನಾನು ಎಣಿಸಿದ್ದೆ’ ಎಂದಳು. ‘ಗೊತ್ತಾಗಿಯೂ ಬಿಡಲಿಲ್ಲ ನೀವು.’

ಆಮೇಲೆ ಅವಳೇ, ಯಾವುದೋ ಬೇರೆಯವರ ವಿಷಯ ಹೇಳುವ ಹಾಗೆ ಹೇಳಿದಳು. ನಿಮ್ಮ ಏರು ಹತ್ತಿ ಬರುವಾಗ ಉಸಿರು ಸಾಲುವುದಿಲ್ಲ, ಹೊರೆಯೊಡನೆ ಕೂಗಿದರೆ ನಡುವೆ ಕಡಿಯುತ್ತದೆ, ನಿಂತು ಸುಧಾರಿಸಿಕೊಂಡರೆ ಬೇರೆಯವಳು ಮುಂದೆ ಹೋಗುತ್ತಾಳೆ ಎಂದಳು. ದೇರೆಬೈಲಿನ ದಾರಿ ದೂರವಾದರೂ ಪರವಾಗಿಲ್ಲವಂತೆ. ಅಲ್ಲಿ ಕೂಗಬಹುದಂತೆ. ನಮ್ಮ ಕಡೆಗೆ ಮತ್ತೆ ಬನ್ನಿ ಎಂದು ನಾನು ಕೇಳಲಿಲ್ಲ. ಅವಳು ಎಲೆಯಲ್ಲಿ ಒಂದಿಷ್ಟು ಕಾಣೆ ಮೀನು ಕಟ್ಟಿ ಕೆಲಸದವಳ ಕೈಗೆ ಕೊಟ್ಟು, ಅತ್ತೆಗೆ ಇಷ್ಟ ಎಂದಳು. ಬೇಡ ಎನ್ನದೆ ಮನೆಗೆ ತಂದೆವು.

ಮುಂದಿನ ವಾರ್ಷಿಕೋತ್ಸವಕ್ಕೆ ಮೀನಿನವಳದ್ದೇ ಆಗಲಿ ಎಂದು ಅಧ್ಯಕ್ಷೆ ಹೇಳಿ ಕಳುಹಿಸಿದರು. ಗರ್ಭಿಣಿಯಾಗಿದ್ದೆ, ಆ ನೆಪ ಸಾಕಾಯಿತು. ಮತ್ತೆ ಸಮಾಜದಲ್ಲಿ ಅಣಕ ಮಾಡಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ.

ಯುದ್ಧ ಮುಗಿದ ವರ್ಷ ನನ್ನ ತಂಗಿಯ ಸೀಮಂತಕ್ಕೆ ತವರಿನ ಕಡೆಯ ಹೆಂಗಸರೆಲ್ಲ ಸೇರಿದ್ದರು. ನನ್ನ ಹಳೆಯ ಕೀರ್ತಿ ಅಲ್ಲಿಗೂ ತಲುಪಿತ್ತು. ಒತ್ತಾಯ ಮಾಡಿದರು. ತಂಗಿ ಕೈ ಹಿಡಿದು ಕೇಳಿದಳು. ಮೀನಿನವಳ ಕೂಗನ್ನು ಒಡಕಿಲ್ಲದೆ, ನೇರವಾಗಿ ಕೂಗುತ್ತೇನೆ, ಆಗ ಅದು ಅವಳಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆಯೇ ಕೂಗಿದೆ. ಒಂದು ಬಳೆಯೂ ಸದ್ದು ಮಾಡಲಿಲ್ಲ. ಮುಂದಿನ ಸಾಲಿನ ಒಬ್ಬಾಕೆ ಮಗುವಿನ ಅಂಗಿ ತಿದ್ದತೊಡಗಿದಳು. ನಾನು ಇನ್ನೊಮ್ಮೆ ಕೂಗಿದೆ, ನಡುವೆ ಒಡೆದು, ಕಣ್ಣು ಮೇಲೆ ಮಾಡಿ. ನಕ್ಕರು. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹಾಗೆ ಕೂಗುವವಳು ನಿಜವಾಗಿ ಇದ್ದಾಳಾ ಎಂದು ಯಾರೋ ಮುದುಕಿ ಕೇಳಿದರು. ಇಲ್ಲ, ಸುಮ್ಮನೆ ಕಟ್ಟಿದ್ದು ಎಂದೆ.