ಸೈಲಸ್ ಇಳಿಜಾರು ತಿರುಗಿಸಿದ ಅಂಗಳ

ಥಾರ್ನ್‌ಹೋಮ್ ಬಂಗಲೆಯ ಹಿಂದಿನ ಅಂಗಳಕ್ಕೆ ಎರಡಾಳೆತ್ತರದ ಗೋಡೆ. ಅದನ್ನು ಕಟ್ಟಿದ್ದು ಕಳ್ಳರಿಗೆ ಹೆದರಿ ಅಲ್ಲ, ನಾವು ಕಣ್ಣಿಗೆ ಬೀಳಬಾರದು ಎಂದು. ಕುದುರೆ ಲಾಯ, ಬಟ್ಟೆ ಒಗೆಯುವ ಮನೆ, ಹಾಲಿನ ಕೋಣೆ, ನಾನು ಆಯಸ್ಸೆಲ್ಲ ಬೆಂದ ಅಡುಗೆಮನೆ, ಎಲ್ಲದರ ಬಾಗಿಲುಗಳೂ ಒಳಗಿನ ಕಲ್ಲುಹಾಸಿಗೇ ತೆರೆಯುತ್ತಿದ್ದವು. ಬಂಗಲೆಯ ಕಡೆಗೆ ಒಂದು ಕಿಂಡಿಯೂ ಇರಲಿಲ್ಲ. ದೊರೆಗಳಿಗೆ ಊಟ ಬೇಕು, ಬೇಯಿಸಿದವಳ ಬೆವರು ಬೇಡ.

ಆ ಗೋಡೆಯನ್ನೂ ಹಾಸನ್ನೂ ನೋಡಿಕೊಳ್ಳುತ್ತಿದ್ದ ಕಲ್ಲುಕುಟಿಗ ಸೈಲಸ್ ಆಕ್ಸ್‌ಟಬಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು. ಹಾಲಿನ ಕೋಣೆಯಲ್ಲಿ ಬೆಣ್ಣೆ ಕಡೆಯುತ್ತಿದ್ದ ಮಗಳು ಹೆಸ್ಟರ್ ಒಬ್ಬಳೇ ಅವನ ಪ್ರಾಣ.

ಆ ವಸಂತದಲ್ಲಿ ದೊರೆಸಾನಿಯ ಮೂಗಿಗೆ ಲಾಯದ ನಾತ ಬಡಿಯಿತು. ಗಂಜಲ, ಕಕ್ಕಸು, ಬಚ್ಚಲು, ಎಲ್ಲದರ ನೀರೂ ಅವಳ ಗುಲಾಬಿ ತೋಟದ ಪಕ್ಕದ ಮೋರಿಯಲ್ಲಿ ಹರಿಯುತ್ತಿತ್ತು. ಪಾರುಪತ್ಯಗಾರ ಗಾರ್ಬಟ್ ಬಂದು, ಅಂಗಳದ ಇಳಿಜಾರನ್ನೇ ಉತ್ತರದ ಗೋಡೆಗೆ ತಿರುಗಿಸಿ ಅಲ್ಲೊಂದು ಇಂಗುಗುಂಡಿ ತೋಡು ಎಂದ.

"ಅಲ್ಲೇ ನಮ್ಮ ಬಾವಿ ಇದೆಯಲ್ಲ ಸ್ವಾಮಿ," ಅಂದ ಸೈಲಸ್.

"ಬಾವಿ ಅದರ ಪಾಡಿಗೆ ಇರುತ್ತೆ, ಗುಂಡಿ ಅದರ ಪಾಡಿಗೆ ಇರುತ್ತೆ. ಆಗಲ್ಲ ಅಂದ್ರೆ ಹೇಳು. ನೀನಿರೋ ಮನೆಗೆ ಬೇರೆ ಕಲ್ಲುಕುಟಿಗ ಬರ್ತಾನೆ."

ಮನೆ ಬಿಟ್ಟು ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಮಣ್ಣು ಸೋಸುತ್ತೆ ಎಂದು ತನಗೆ ತಾನೇ ಹೇಳಿಕೊಂಡು ಗುಂಡಿ ತೋಡಿದ. ಗಾರ್ಬಟ್ಟನ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಇವತ್ತಿಗೂ ಶಪಿಸುತ್ತೇನೆ.

ಹೊಸ ಹಾಸು ಮುಗಿದ ದಿನ ನೀರು ಬಿಟ್ಟು ನೋಡುವುದು ನಮ್ಮ ರೂಢಿ. ಮೊದಲ ಬಕೆಟ್ಟು ಕಲ್ಲುಕುಟಿಗನ ಮನೆಯವರದ್ದು. ಹೆಸ್ಟರ್ ಲಂಗ ಎತ್ತಿ ಕಟ್ಟಿ ಸುರಿದಳು.

"ಒಂದು ಹನಿ ನಿಂತ್ರೂ ನಿಮ್ಮಪ್ಪ ಎಲ್ಲರಿಗೂ ಬಿಯರ್ ಕೊಡಿಸ್ಬೇಕು ಕಣೇ," ಎಂದ ಸಾರೋಟು ಹೊಡೆಯುವ ಜೇಬೆಜ್.

"ನಿನ್ನ ಗಂಟಲು ಒಣಗಿದ್ರೆ ಬಾವಿಗೆ ಹೋಗು ಮಾವ."

ಹನಿಯೂ ನಿಲ್ಲಲಿಲ್ಲ. ನೀರೆಲ್ಲ ಉತ್ತರಕ್ಕೆ ಓಡಿ ಗುಂಡಿಯ ಜಾಲರಿಯೊಳಗೆ ಇಳಿಯಿತು. ನಾವು ಚಪ್ಪಾಳೆ ತಟ್ಟಿದೆವು. ಸೈಲಸ್ ಮಾತ್ರ ಬಾವಿಯ ಪಂಪನ್ನು ನೋಡುತ್ತ ನಿಂತಿದ್ದ.

ಬೇಸಿಗೆಯ ಹೊತ್ತಿಗೆ ಬಾವಿಯ ನೀರು ಸಿಹಿಯಾಯಿತು. ನಿಜವಾಗಿಯೂ ಸಿಹಿ. ಊರಿನವರು ಕೊಡ ಹೊತ್ತು ಬಂದರು. ಸೈಲಸ್ ಕೈ ಇಟ್ಟರೆ ಕಲ್ಲೂ ಸಕ್ಕರೆ ಎಂದು ಹೊಗಳಿದರು. ಅವನ ಮುಖ ನಿಧಾನವಾಗಿ ಸಡಿಲಾಯಿತು. ಅನುಮಾನ ಬಿಟ್ಟೇಬಿಟ್ಟ, ಪಾಪ.

ಮೊದಲು ಬಟ್ಟೆ ಒಗೆಯುವ ಹುಡುಗಿ ಜ್ವರದಲ್ಲಿ ಸತ್ತಳು. ಸೆಕೆಗೆ ಎಂದರು. ಆಮೇಲೆ ಹೆಸ್ಟರ್ ಬೆಣ್ಣೆ ಕಡೆಯುತ್ತಲೇ ಕುಸಿದಳು. ಭೇದಿ ನಿಲ್ಲಲಿಲ್ಲ, ಮೈ ಕೆಂಡವಾಯಿತು. ಅವಳನ್ನು ಮನೆಗೆ ಹೊತ್ತೊಯ್ದೆವು. ಮನೆಯಲ್ಲಿದ್ದದ್ದು ಪೀಪಾಯಿಯ ಮಳೆನೀರು, ಅದೂ ತಳ ಕಂಡಿತ್ತು. ಕಾಯಿಲೆಯವಳಿಗೆ ಒಳ್ಳೆಯ ನೀರೇ ಬೇಕೆಂದು ಸೈಲಸ್ ದಿನಾ ಅಂಗಳದ ಬಾವಿಯಿಂದ ಕ್ಯಾನು ತುಂಬಿ ತಂದು ಕುಡಿಸಿದ. ನನಗಾದರೂ ಹೊಳೆಯಿತೇ? ಇಲ್ಲ.

ಒಂದು ಮಧ್ಯಾಹ್ನ ಜೋರು ಮಳೆ ಬಂತು. ನಾನು ಹೆಸ್ಟರ್ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ. ಸೈಲಸ್ ಕ್ಯಾನು ಹಿಡಿದು ಒಳಗೆ ಬಂದ, ಲೋಟಕ್ಕೆ ಬಗ್ಗಿಸಿದ. ನೀರಿನ ಜೊತೆ ಲಾಯದ ಕೊಳೆತ ಹುಲ್ಲಿನ ಎಳೆಯೊಂದು ಬಿತ್ತು. ಅವನು ಅದನ್ನೇ ನೋಡಿದ. ಮುಖ ಸುಣ್ಣವಾಯಿತು.

"ಅಪ್ಪಾ, ನೀರು."

ಸೈಲಸ್ ಲೋಟವನ್ನೂ ಕ್ಯಾನನ್ನೂ ನೆಲಕ್ಕೆ ಚೆಲ್ಲಿದ.

"ಇದು ಬೇಡ ಮಗಳೇ. ಹಳ್ಳದಿಂದ ತರ್ತೀನಿ."

"ನಂಗದೇ ಬೇಕು. ಯಾಕಪ್ಪ ಚೆಲ್ಲಿದೆ? ನಾನೇನು ಮಾಡ್ದೆ ನಿಂಗೆ?"

ಅವನು ಖಾಲಿ ಕ್ಯಾನು ಎತ್ತಿಕೊಂಡು ಮಳೆಯಲ್ಲಿ ಓಡಿದ. ಹೆಸ್ಟರ್ ಬಾಗಿಲ ಕಡೆ ನೋಡುತ್ತ ಅತ್ತಳು.

"ಅತ್ತೆ, ನಂಗೆ ನೀರು ಕೊಡೋದೂ ಅಪ್ಪಂಗೆ ಬೇಜಾರಾಗೋಯ್ತಾ?" ಎಂದು ನನ್ನನ್ನು ಕೇಳಿದಳು.

"ಹುಚ್ಚಿ, ನಿಮ್ಮಪ್ಪ ನಿಂಗೆ ಜೀವಾನೇ ಕೊಡ್ತಾನೆ," ಎಂದೆ. ಕೇಳಿಸಿತೋ ಇಲ್ಲವೋ, ಉಸಿರು ನಿಂತಿತ್ತು.

ಸೈಲಸ್ ಹಳ್ಳದ ನೀರು ತುಂಬಿಕೊಂಡು ಏದುಸಿರು ಬಿಡುತ್ತ ಬಂದ. ನಾನು ಬಾಯಿ ತೆರೆಯುವ ಮೊದಲೇ ಮಂಡಿಯೂರಿ ಅವಳ ತಲೆ ಎತ್ತಿ ಹಿಡಿದು, "ಕುಡಿ ಕಂದಾ, ಇದು ಒಳ್ಳೇ ನೀರು," ಎಂದು ಲೋಟ ತುಟಿಗೆ ಇಟ್ಟ.