ಅಮಾವಾಸ್ಯೆಯ ದಿನ ಸುಮ್ಮನಾಗುತ್ತಿದ್ದ ಮುಳ್ಳು

ಎದೆಗೆ ಅಂಟಿಸಿದ ಬಿಲ್ಲೆಗಳಿಂದ ಸ್ಪಿರಿಟ್ಟಿನ ವಾಸನೆ ಇನ್ನೂ ಹೋಗಿಲ್ಲ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಟ್ಟಿ ಕಳಿಸಿದರು. ಬಿಲ್ಲೆಗಳ ವೈರುಗಳೆಲ್ಲ ಸೊಂಟದಲ್ಲಿ ತೂಗುವ ಒಂದು ಪುಟ್ಟ ಪೆಟ್ಟಿಗೆಗೆ ಸೇರುತ್ತವೆ. ನಾಳೆ ಬೆಳಿಗ್ಗೆಯವರೆಗೆ ನನ್ನ ಎದೆಬಡಿತವನ್ನೆಲ್ಲ ಅದು ಬರೆದುಕೊಳ್ಳುತ್ತದಂತೆ. ಸ್ನಾನ ಮಾಡುವಂತಿಲ್ಲ, ತುರಿಸಿಕೊಳ್ಳುವಂತಿಲ್ಲ. ಮೊದಲೇ ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. ಜಗಲಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಜಗಲಿಗೆ, ಇದು ಎಷ್ಟನೆಯ ಸಲವೋ...

ಕಟ್ಟಿದ ಹುಡುಗಿ ಒಂದು ಹಾಳೆಯನ್ನೂ ಕೊಟ್ಟಿದ್ದಾಳೆ. ಹೊತ್ತು, ಏನು ಮಾಡುತ್ತಿದ್ದಿರಿ, ಏನನ್ನಿಸಿತು ಎಂದು ಮೂರು ಕಾಲಂ. "ಎಲ್ಲಾ ಬರೀಬೇಕು ಆಂಟಿ, ಮುಚ್ಚಿಡ್ಬೇಡಿ. ಆಮೇಲೆ ಮಗ್ಗದ ಮೋಟ್ರು ಹತ್ರ ಹೋಗ್ಬೇಡಿ, ಗೆರೆ ಕೆಟ್ಟೋಗುತ್ತೆ" ಎಂದಳು. ದೊಡ್ಡಬಳ್ಳಾಪುರದಲ್ಲಿದ್ದುಕೊಂಡು ಮಗ್ಗದಿಂದ ದೂರ ಇರಿ ಅನ್ನುವುದು! ನಗು ಬಂತು. ಮರುಕ್ಷಣವೇ ನಗು ನಿಂತಿತು. ಇದೇ ಮಾತನ್ನು ನಾನು ಒಬ್ಬರಿಗೆ ಹೇಳಬೇಕಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗಲೇ ಹೇಳಬೇಕಿತ್ತು.

ಅವರು ನಮ್ಮ ವಿಜ್ಞಾನದ ಮೇಷ್ಟ್ರು. ಇಲ್ಲೇ ಹತ್ತಿರದ ಮಧುರೆ ಹೋಬಳಿ ಕಡೆಯ ರೈತರ ಮನೆಯವರು. ನಮ್ಮ ಮಗ್ಗದ ಮನೆಗೆ ಗೋಡೆ ಅಂಟಿಕೊಂಡಿದ್ದ ಮನೆಯಲ್ಲಿ ಬಾಡಿಗೆಗಿದ್ದರು. ಪವರ್‌ಲೂಮಿನ ಸದ್ದು ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಮನೆಗೆ ಕಾಲಿಟ್ಟರೆ ಸಾಕು, ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. ಅವರ ಹೆಂಡತಿ ಕಾಫಿ ಕೊಡಬೇಕಾದರೆ ಭುಜ ಹಿಡಿದು ಅಲ್ಲಾಡಿಸಬೇಕಿತ್ತು. ಆ ಹತ್ತಿಯೇ ಎಲ್ಲಕ್ಕೂ ಮೂಲವಾಯಿತು ಎಂದು ಈಗ ಅನ್ನಿಸುತ್ತದೆ.

ಪಾಠ ಯಾವುದೇ ಇರಲಿ, ಮೇಷ್ಟ್ರು ಕಪ್ಪೆಕಾಲಿನ ಇಟಲಿಯವನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಬಲು ಹಿಂದಿನ ಕಾಲದವನು. ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಜಗ್ಗೆಂದು ಒದ್ದದ್ದನ್ನು ಕಂಡು, ಜೀವದ ಒಳಗೇ ವಿದ್ಯುತ್ತು ಇದೆ ಎಂದವನು. ಅಲ್ಲ, ವಿದ್ಯುತ್ತು ಲೋಹದ್ದು ಎಂದು ಇನ್ನೊಬ್ಬ ಜಗಳಕ್ಕೆ ಬಿದ್ದ. ಇಲ್ಲಿಗೆ ಬರುವಾಗ ಮೇಷ್ಟ್ರ ದನಿಯೇ ಬೇರೆಯಾಗುತ್ತಿತ್ತು. "ಅವ್ನು ಹೇಳಿದ್ದು ಅರ್ಧ ತಪ್ಪೇ ಕಣ್ರಮ್ಮಾ. ಆದ್ರೆ ಕಂಡಿದ್ದು ಒಂದನ್ನೂ ಬಿಡದೆ ಬರೆದಿಟ್ಟ. ಅದಕ್ಕೇ ಆಮೇಲೆ ಬಂದವ್ರು ಸರಿಮಾಡ್ಕೊಂಡ್ರು. ತಪ್ಪಾದ್ರೂ ಇರ್ಲಿ, ಅಳಿಸಬಾರ್ದು."

ಅವರಿಗೂ ಜೀವದ ವಿದ್ಯುತ್ತನ್ನು ಕಣ್ಣಾರೆ ಕಾಣುವ ಹುಚ್ಚು. ಕಪ್ಪೆ ಕೊಲ್ಲಲು ಮನಸ್ಸಿಲ್ಲ. ಹಾಗಾಗಿ ಎಣ್ಣೆ ಡಬ್ಬದಲ್ಲಿ ಒಂದು ಮುಟ್ಟಿದರೆ ಮುನಿ ಗಿಡ ಬೆಳೆಸಿ, ಅದರ ಕಾಂಡಕ್ಕೆ ಎರಡು ತಂತಿ ಸುತ್ತಿ, ಹಳೇ ರೇಡಿಯೋಗಳ ಸಾಮಾನು ಜೋಡಿಸಿ ತಾವೇ ಮಾಡಿದ ಯಂತ್ರಕ್ಕೆ ಸೇರಿಸಿದ್ದರು. ಯಂತ್ರದ ಮುಖದಲ್ಲಿ ಗಡಿಯಾರದಲ್ಲಿರುವಂಥ ಒಂದು ಮುಳ್ಳು. ಗಿಡದ ನಾಡಿಗೆ ತಕ್ಕಂತೆ ಅದು ಅಲ್ಲಾಡುತ್ತದೆ ಎಂಬುದು ಅವರ ನಂಬಿಕೆ. ಮುಳ್ಳು ಅಲ್ಲಾಡುತ್ತಲೂ ಇತ್ತು. ಯಂತ್ರ ನಡೆಯುತ್ತಿದ್ದದ್ದು ಮನೆಯ ಕರೆಂಟಿನಿಂದ. ಕರೆಂಟು ಹೋದರೆ ಮಗ್ಗದ ಜೊತೆ ಅದೂ ಸಾಯುತ್ತಿತ್ತು. ಇಲ್ಲದಿದ್ದರೆ ಅವರಿಗೆ ಆಗಲೇ ಗೊತ್ತಾಗುತ್ತಿತ್ತೇನೋ...

ಬೆಳಿಗ್ಗೆ ಸಂಜೆ ನೋಡಿ ಬರೆಯುವ ಕೆಲಸ ನನ್ನದು. ಅಕ್ಷರ ದುಂಡಗಿತ್ತು, ಮನೆ ಪಕ್ಕದಲ್ಲಿತ್ತು. ಪುಸ್ತಕದಲ್ಲಿ ಕೊನೆಯ ಕಾಲಂ 'ವಿಶೇಷ'. ಅಲ್ಲಿ ಸುತ್ತ ಕಂಡದ್ದನ್ನೆಲ್ಲ ಬರೆಯಬೇಕು. ನಾನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ: ಮೋಡ, ಎಲೆಯ ಮೇಲೆ ಇರುವೆ, ನೀರು ಹಾಕಿದೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮೇಷ್ಟ್ರು ಪುಸ್ತಕ ಹಿಡಿದು ನಮ್ಮ ಬಾಗಿಲಿಗೇ ಓಡಿಬಂದರು. ಕಿವಿಯಲ್ಲಿ ಹತ್ತಿ, ಹಾಗಾಗಿ ಮಾತೆಲ್ಲ ಕೂಗು. "ಅಮಾವಾಸ್ಯೆ ದಿನ ಮುಳ್ಳು ಅಲ್ಲಾಡೋದೇ ಇಲ್ಲ ಕಣಮ್ಮಾ! ಗಿಡಕ್ಕೂ ಗೊತ್ತು!" ಅಮಾವಾಸ್ಯೆಯ ದಿನ ನೇಗಿಲು ಕಟ್ಟದ ಮನೆಯಲ್ಲಿ ಹುಟ್ಟಿದವರು ಅವರು. ಆ ದಿನ ಭೂಮಿ ಸುಮ್ಮನಿರುತ್ತದೆ ಎಂದು ಅವರ ಅಜ್ಜ ಹೇಳುತ್ತಿದ್ದರಂತೆ. ಅಜ್ಜನ ಮಾತೂ ಇಟಲಿಯವನ ಮಾತೂ ಒಂದೇ ಡಬ್ಬದಲ್ಲಿ ಸಿಕ್ಕಿಬಿಟ್ಟಿದ್ದವು. ಬೆಂಗಳೂರಿನಲ್ಲಿ ವಿಜ್ಞಾನದ ಮೇಷ್ಟ್ರುಗಳ ಸಭೆಯಿತ್ತು, ಅಲ್ಲಿ ಓದುವುದೆಂದು ತೀರ್ಮಾನವಾಯಿತು. ನನ್ನನ್ನೂ ಕರೆದೊಯ್ಯುವುದೆಂದು ಅಪ್ಪನ ಒಪ್ಪಿಗೆಯೂ ಸಿಕ್ಕಿತು.

ಸಭೆಯ ಹಿಂದಿನ ದಿನ ನಾನು ಪುಸ್ತಕದಿಂದ ಅಂಕಿಗಳನ್ನು ಬೇರೆ ಹಾಳೆಗೆ ಇಳಿಸುತ್ತಿದ್ದೆ. ಅಮಾವಾಸ್ಯೆಯ ಒಂದು ಪುಟದ 'ವಿಶೇಷ'ದಲ್ಲಿ ನನ್ನದೇ ಕೈಬರಹ: ಮಗ್ಗಕ್ಕೆ ರಜ. ಕೈ ಅಲ್ಲೇ ನಿಂತಿತು. ಹಿಂದಿನ ಅಮಾವಾಸ್ಯೆ ತೆಗೆದೆ. ಅಲ್ಲೂ ಮಗ್ಗಕ್ಕೆ ರಜ. ಅದರ ಹಿಂದಿನದು, ಅಲ್ಲೂ. ನಮ್ಮ ಬೀದಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಓಡಿಸುತ್ತಿರಲಿಲ್ಲ, ತೊಳೆದು ಕುಂಕುಮ ಇಟ್ಟು ಸುಮ್ಮನೆ ಬಿಡುತ್ತಿದ್ದರು. ಕಿವಿಗೆ ಹತ್ತಿ ಇಟ್ಟುಕೊಂಡವರಿಗೆ ಅದು ಕೇಳಿಸದೆ ಹೋಗಿತ್ತು. ಮುಳ್ಳನ್ನು ಅಲ್ಲಾಡಿಸುತ್ತಿದ್ದದ್ದು ಗಿಡವಲ್ಲ, ಗೋಡೆಯಾಚೆಯ ನಮ್ಮಪ್ಪನ ಮೋಟಾರು.

ಎದ್ದು ಹೋಗಿ ಹೇಳಲು ಹತ್ತು ಹೆಜ್ಜೆ ಸಾಕಿತ್ತು. ಹೇಳಿದ್ದರೆ ಪ್ರಯಾಣ ನಿಲ್ಲುತ್ತಿತ್ತು. ಹಾಳೆಯ ಕೊನೆಯಲ್ಲಿ ನನ್ನ ಹೆಸರಿತ್ತು, ಪೆಟ್ಟಿಗೆಯಲ್ಲಿ ಹೊಸ ಲಂಗ ಇತ್ತು. ಅವರಿಗೆ ನೋವಾಗುತ್ತದೆಂದು ಸುಮ್ಮನಾದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಹೋಗಬೇಕಿತ್ತು, ಅಷ್ಟೇ. ರಬ್ಬರು ತೆಗೆದುಕೊಂಡು ಎಲ್ಲ ಅಮಾವಾಸ್ಯೆಯಿಂದಲೂ ಆ ಎರಡು ಪದ ಅಳಿಸಿಬಿಟ್ಟೆ.

ಸಭೆಯಲ್ಲಿ ಮೇಷ್ಟ್ರು ಚೆನ್ನಾಗಿಯೇ ಓದಿದರು. ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು. "ದೊಡ್ಡಬಳ್ಳಾಪುರದವರಲ್ವಾ ಸಾರ್? ಮನೆ ಪಕ್ಕ ಮಗ್ಗ ಇದ್ಯಾ? ಅಮಾವಾಸ್ಯೆ ದಿನ ಅಲ್ಲಿ ಓಡ್ಸಲ್ವಲ್ಲಾ?" ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ, ಆಮೇಲೆ ಸಭೆಯೆಲ್ಲ ನಕ್ಕಿತು. ಮೇಷ್ಟ್ರೂ ನಗಲು ನೋಡಿದರು. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಬಂದು ಕೂತರು. ಸಭೆಗೆ ತೋರಿಸಲೆಂದು ಡಬ್ಬದ ಸಮೇತ ತಂದಿದ್ದ ಗಿಡ ನನ್ನ ತೊಡೆಯ ಮೇಲಿತ್ತು; ನಾನು ಅದನ್ನು ಮುಟ್ಟಿ ಮುಟ್ಟಿ ಮುದುಡಿಸುತ್ತಾ ತಲೆ ತಗ್ಗಿಸಿ ಕೂತಿದ್ದೆ.

ವಾಪಸು ಬರುವ ಬಸ್ಸು ರಾಜಾನುಕುಂಟೆ ದಾಟಿತು. ಮೇಷ್ಟ್ರು ಕಿಟಕಿಯ ಕಡೆಗೇ ನೋಡುತ್ತಾ ಕೇಳಿದರು. "ನಿಂಗೆ ಗೊತ್ತಿತ್ತೇನಮ್ಮಾ?"

"ಇಲ್ಲ ಸಾರ್."

"ಹೋಗ್ಲಿ ಬಿಡು" ಎಂದರು.

ಮಾರನೆಯ ದಿನದಿಂದ ಎಲ್ಲ ಮೊದಲಿನಂತೆ. ಬೋರ್ಡಿನ ಮೇಲೆ ಚಿತ್ರ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಕಪ್ಪೆಕಾಲಿನ ಕಥೆ ಮಾತ್ರ ಮತ್ತೆ ಹೇಳಲಿಲ್ಲ. ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದರು. ಎದುರು ಸಿಕ್ಕಾಗಲೆಲ್ಲ ಇವತ್ತು ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ, ಏನೋ ಅಡ್ಡ ಬರುತ್ತಿತ್ತು... ಒಂದು ದಿನ ಅವರೇ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ ಅವರ ಹೆಂಡತಿ ನಮ್ಮ ಮನೆಗೆ ಬಂದು ಆ ಪುಸ್ತಕ ಕೈಗಿಟ್ಟರು. "ನಿಂಗೇ ಕೊಡು ಅಂದಿದ್ರು ಕಣೇ." ತೆರೆದು ನೋಡಿದೆ. ಅಮಾವಾಸ್ಯೆಯ ಪುಟಗಳಲ್ಲಿ, ನಾನು ಅಳಿಸಿದ ಜಾಗದಲ್ಲಿ, ಪೆನ್ಸಿಲು ಒತ್ತಿದ ಗುರುತು ಉಳಿದಿತ್ತು. ಆ ಗುರುತಿನ ಮೇಲೇ, ನನ್ನ ದುಂಡಗಿನ ಅಕ್ಷರ ಒಂದಿಷ್ಟೂ ಕೆಡದಂತೆ, ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ್ದರು: ಮಗ್ಗಕ್ಕೆ ರಜ. ಒಂದು ಪುಟವನ್ನೂ ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಕೇಳುವ ಹೊತ್ತಿಗೆ ಅವರಿಗೆ ತಿಳಿದಿತ್ತೋ, ಆಮೇಲೆ ಕಂಡರೋ, ಇನ್ನು ಯಾರನ್ನು ಕೇಳಲಿ? ಅವತ್ತು ಬಹಳ ಅತ್ತೆ.

ಈಗ ಸಂಜೆ ಐದು. ಪಕ್ಕದ ಶೆಡ್ಡಿನಲ್ಲಿ ತಮ್ಮನ ಮಗ್ಗಗಳು ಓಡುತ್ತಿವೆ. ಸೊಂಟದ ಮೇಲಿನ ಈ ಪೆಟ್ಟಿಗೆ ಆ ಇಟಲಿಯವನ ಕಪ್ಪೆಕಾಲಿನ ಮರಿಮಗುವೇ ಇರಬೇಕು. ಮೇಷ್ಟ್ರು ಇದ್ದಿದ್ದರೆ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಕೂತಲ್ಲಿ ಕೂರಲಾರದೆ ಆಗಲೇ ನಾನು ಶೆಡ್ಡಿಗೆ ಹೋಗಿ, ಮೋಟಾರಿನ ಪಕ್ಕದಲ್ಲೇ ಒಂದಷ್ಟು ಹೊತ್ತು ನಿಂತು ಬಂದೆ. ನಾಳೆ ಆ ಹುಡುಗಿ ಬೈಯುತ್ತಾಳೆ, ಎಲ್ಲ ಮತ್ತೆ ಕಟ್ಟಬೇಕೆನ್ನುತ್ತಾಳೆ. ಬರೆಯದೆ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ.

ಮೊಮ್ಮಗಳ ಚೀಲದಲ್ಲಿ ಹುಡುಕಿದರೆ ಮೊದಲು ಪೆನ್ಸಿಲು ಸಿಕ್ಕಿತು. ಅದನ್ನು ವಾಪಸಿಟ್ಟು ಪೆನ್ನು ತೆಗೆದುಕೊಂಡೆ. ಐದು ಗಂಟೆ ಎಂದು ಬರೆದು, ಅದರ ಮುಂದೆ ದುಂಡಗೆ ಬರೆದೆ: ಮಗ್ಗದ ಪಕ್ಕ ನಿಂತಿದ್ದೆ. ಮಗ್ಗ ಓಡುತ್ತಿತ್ತು, ಸಾರ್.