ಕೆಂಪು ಲಾಟೀನಿನ ಕೆಳಗೆ ಮದುವೆ ಫೋಟೋ

ಫೋಟೋ ತೆಗೆಯುವ ಗೆಳೆಯರೇ, ಈ ಕಸುಬನ್ನೇ ಬಿಟ್ಟುಬಿಡೋಣ.

ಇವತ್ತು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಸಾಹುಕಾರರ ಮಗಳ ಮದುವೆ. ಹಗಲಲ್ಲೇ ಕಿಟಕಿಗಳಿಗೆಲ್ಲ ಪರದೆ ಎಳೆದು, ಪಡಸಾಲೆಯ ತುಂಬ ಕೆಂಪು ಗಾಜಿನ ಲಾಟೀನು ತೂಗುಹಾಕಿದ್ದರು.

“ಸಾವ್ಕಾರ್ರ, ಫೋಟೋ ಮೂಡೋ ಗಾಜಿನ ಪ್ಲೇಟಿಗೆ ಕೆಂಪು ಬೆಳಕು ಕಾಣಂಗಿಲ್ರಿ. ಅದಕ್ಕ ಪ್ಲೇಟು ತೊಳಿಯೋ ಕೋಣ್ಯಾಗ ನಾವು ಕೆಂಪು ದೀಪಾನ ಇಡ್ತೀವಿ. ಪರದೆ ಸರಿಸ್ರಿ,” ಎಂದೆ.

“ಮದರಾಸಿಂದ ತರಿಸಿದ ಲಾಟೀನ್ರಿ ಅವು! ಸುಮ್ನ ತೆಗೀರಿ.”

ತೆಗೆದೆ. ಸಂಜೆ ಚಿತ್ರ ಒಯ್ದು ಕೊಟ್ಟೆ. ಬಾಗಿಲ ಸಂದಿಯ ಬಿಸಿಲಿಗೆ ಬೀಗರ ಹಣೆಯ ವಿಭೂತಿಯಷ್ಟೇ ಮೂಡಿತ್ತು. ಕೆಂಪು ಸೀರೆಯ ಮದುಮಗಳು ಕೂತಿದ್ದಲ್ಲಿ ಬರೀ ಕತ್ತಲೆ.

ಸಾಹುಕಾರರು ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟರು.

“ಇನ್ನೆರಡು ಕೆಂಪು ಲಾಟೀನು ಹಚ್ಚಬೇಕಿತ್ತು ನೋಡ್ರಿ.”

ಬರುವ ತಿಂಗಳು ಕಿರಿಮಗಳ ಮದುವೆ. ಆ ಎರಡು ಲಾಟೀನಿಗೆ ನನ್ನ ಎದುರಿಗೇ ಮದರಾಸಿಗೆ ಕಾಗದ ಬರೆಸಿದರು.